ಪೇಟೆಯ ಬೀದಿ ಯಾರ ಹಕ್ಕು?

ಮೊಗಲ್ ದೊರೆ ಷಹಜಹಾನನ ಪುತ್ರಿ ಜಹಾನಾರಾ ಬೇಗಮ್ 1650ರ ಸುಮಾರಿಗೆ ದಿಲ್ಲಿಯಲ್ಲೊಂದು ಪೇಟೆಯನ್ನು ಕಟ್ಟಿಸಿದರು. ಕೆಂಪುಕೋಟೆಯ ಎದುರಿನಿಂದ ಫತೇಪುರಿ ಮಸೀದಿಯ ತನಕ ಸಾಗುವ ಆ ಬೀದಿಯ ನಡುವೆ ಕಾಲುವೆ ಹರಿಯುತ್ತಿತ್ತು. ಚೌಕದ ಕೊಳದಲ್ಲಿ ಬೆಳದಿಂಗಳು ಪ್ರತಿಫಲಿಸುತ್ತಿದ್ದುದರಿಂದಲೇ ಅದಕ್ಕೆ ಚಾಂದನಿ ಚೌಕ್ ಎಂಬ ಹೆಸರು ಬಂತೆಂದು ಹೇಳುತ್ತಾರೆ. ಅಂಗಡಿ ಸಾಲುಗಳ ಜೊತೆಗೆ ಪ್ರಯಾಣಿಕರಿಗೆ ಛತ್ರ, ಸ್ನಾನಕ್ಕೆ ಹಮಾಮ್, ವಿಶ್ರಾಂತಿಗೆ ಉದ್ಯಾನ ಅಲ್ಲಿದ್ದವು. ವ್ಯಾಪಾರಕ್ಕೆ ಬಂದವನಿಗೆ ದಣಿವಾಗುತ್ತದೆ, ಬಾಯಾರುತ್ತದೆ, ನೆರಳು ಬೇಕಾಗುತ್ತದೆ ಎಂಬ ಸರಳ ಸತ್ಯವನ್ನು ಮೂರೂವರೆ ಶತಮಾನಗಳಿಗೂ ಹಿಂದೆ ಓರ್ವ ಮಹಿಳೆ ಅರಿತಿದ್ದರು.

ಇಂದು ನಮ್ಮ ಯಾವುದೇ ಪಟ್ಟಣದ ಮುಖ್ಯ ಪೇಟೆಗೆ ಹೋಗಿ ನೋಡಿ. ಕಾಲುದಾರಿಯ ಮೇಲೆ ಬೈಕುಗಳು, ಅದರಾಚೆ ಅಂಗಡಿಯ ಸರಕು, ಅದರಾಚೆ ಬಾಯ್ದೆರೆದ ಚರಂಡಿ. ಮಗುವಿನ ಕೈ ಹಿಡಿದ ತಾಯಿ ಬಸ್ಸು, ಲಾರಿಗಳ ಮಧ್ಯೆ ರಸ್ತೆಯಲ್ಲೇ ನಡೆಯಬೇಕು. ದಿನವಿಡೀ ನಿಂತು ದುಡಿಯುವ ಸೇಲ್ಸ್ ಗರ್ಲ್‌ಗೆ ಶೌಚಾಲಯವಿಲ್ಲ. ಆದ್ದರಿಂದ ಆಕೆ ನೀರನ್ನೇ ಕುಡಿಯುವುದಿಲ್ಲ. ವೃದ್ಧರು ಕುಳಿತುಕೊಳ್ಳಲು ಒಂದು ಕಲ್ಲುಬೆಂಚು ಕೂಡ ಇಲ್ಲ. ಇದನ್ನು ಅಭಿವೃದ್ಧಿ ಎನ್ನೋಣವೇ?

ಇದು ಬರೀ ಸೌಕರ್ಯದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಅಧಿಕ ಮಂದಿ ಮಧುಮೇಹಿಗಳಿದ್ದಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಶರೀರಕ್ಕೆ ಸಾಧಾರಣ ಶ್ರಮ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈದ್ಯರು ‘ನಡೆಯಿರಿ’ ಎಂದು ಚೀಟಿ ಬರೆಯುತ್ತಾರೆ. ಆದರೆ ಎಲ್ಲಿ ನಡೆಯುವುದು? ಶ್ರೀಮಂತರಿಗೆ ಜಿಮ್ ಇದೆ. ಬಡ ಮತ್ತು ಮಧ್ಯಮ ವರ್ಗದ ಮಹಿಳೆಗೆ ಮನೆಯಿಂದ ಪೇಟೆಗೆ ಹೋಗಿ ಬರುವ ದಾರಿಯೇ ವ್ಯಾಯಾಮಶಾಲೆ. ಆ ದಾರಿಯನ್ನೂ ನಾವು ಕಸಿದುಕೊಂಡಿದ್ದೇವೆ.

ಪರಿಹಾರಗಳು ಇಲ್ಲವೆಂದಲ್ಲ. ಅದೇ ಚಾಂದನಿ ಚೌಕದ ಸುಮಾರು 1.3 ಕಿಲೋಮೀಟರ್ ಬೀದಿಯನ್ನು ಪುನರ್‌ನಿರ್ಮಿಸಿ 2021ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಲಾಯಿತು. ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಮೋಟಾರು ವಾಹನಗಳಿಗೆ ನಿಷೇಧ ಹೇರಲಾಯಿತು. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನಗಳನ್ನು ತಡೆಯಲಾಯಿತು. ಜನರು ಮಕ್ಕಳೊಂದಿಗೆ ಬಂದರು, ನಿರ್ಭೀತಿಯಿಂದ ನಡೆದಾಡಿದರು. ಪ್ರಯೋಗ ಮುಗಿಯಿತು, ವಾಹನಗಳು ಮರಳಿದವು. ಚಾಂದನಿ ಚೌಕದಲ್ಲೂ ನಿಷೇಧವನ್ನು ಉಲ್ಲಂಘಿಸಿ ವಾಹನಗಳು ನುಗ್ಗುತ್ತಿವೆಯೆಂಬ ದೂರುಗಳು ಬಂದವು. ಕಲ್ಲು ಹಾಸುವುದು ಸುಲಭ, ನಿಯಮವನ್ನು ಪಾಲಿಸುವುದು ಕಷ್ಟ ಎಂಬುದೇ ಇದರ ಪಾಠ.

ಇಂಥ ಯೋಜನೆಗಳಿಗೆ ಮೊದಲು ವಿರೋಧ ಬರುವುದು ವ್ಯಾಪಾರಿಗಳಿಂದ. ವಾಹನ ನಿಂತರೆ ಗಿರಾಕಿ ನಿಲ್ಲುತ್ತಾನೆ ಎಂಬ ಭಯ ಅವರದು. 1962ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದ ಮುಖ್ಯ ಪೇಟೆಯನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟಾಗಲೂ ಇದೇ ಮಾತು ಕೇಳಿಬಂದಿತ್ತು. ಆ ಬೀದಿ ಇಂದಿಗೂ ಆ ನಗರದ ಅತ್ಯಂತ ಜನನಿಬಿಡ ವ್ಯಾಪಾರ ಕೇಂದ್ರಗಳಲ್ಲೊಂದು. ಇಷ್ಟಕ್ಕೂ ಬಟ್ಟೆಯನ್ನೋ ಬಳೆಯನ್ನೋ ಕಾರು ಖರೀದಿಸುವುದಿಲ್ಲ, ಕಾರಿನಿಂದ ಇಳಿದವರು ಖರೀದಿಸುತ್ತಾರೆ. ಅಂಗಡಿಯೆದುರು ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಕಾರು ಹೆಚ್ಚಾಗಿ ಅಂಗಡಿ ಮಾಲಕನದ್ದೇ ಆಗಿರುತ್ತದೆ!

ಆದರೆ ಎಚ್ಚರ ವಹಿಸಬೇಕಾದ ಇನ್ನೊಂದು ಅಂಶವಿದೆ. ಸೌಂದರ್ಯೀಕರಣದ ಹೆಸರಲ್ಲಿ ಮೊದಲು ಎತ್ತಂಗಡಿಯಾಗುವುದು ತಳ್ಳುಗಾಡಿಯ ಬಡವ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ ನಡೆಸದೆ ಯಾರನ್ನೂ ಒಕ್ಕಲೆಬ್ಬಿಸಬಾರದು ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಮ್ಮ ಎಷ್ಟು ಪಟ್ಟಣಗಳಲ್ಲಿ ಈ ಸಮಿತಿಯ ಸಭೆ ಕ್ರಮಬದ್ಧವಾಗಿ ನಡೆಯುತ್ತದೆ? ಎಷ್ಟು ಮಂದಿ ವ್ಯಾಪಾರಿಗಳಿಗೆ ಇಂಥದ್ದೊಂದು ಕಾನೂನಿರುವುದು ಗೊತ್ತಿದೆ? ಪಾದಚಾರಿ ಮತ್ತು ಬೀದಿ ವ್ಯಾಪಾರಿಯನ್ನು ಪರಸ್ಪರ ಶತ್ರುಗಳನ್ನಾಗಿಸುವ ಬದಲು ಇಬ್ಬರಿಗೂ ಜಾಗ ಗುರುತಿಸುವುದೇ ನ್ಯಾಯ. ಅವರಿಬ್ಬರ ಜಾಗವನ್ನೂ ನುಂಗಿರುವುದು ನಿಂತ ವಾಹನಗಳು.

ಸರಕಾರವನ್ನು ಮಾತ್ರ ದೂಷಿಸಿ ನಾವು ಪಾರಾಗುವಂತಿಲ್ಲ. ಪೇಟೆಯಲ್ಲಿ ನಮ್ಮ ಸಮುದಾಯದ ಅಂಗಡಿಗಳು ಕಡಿಮೆಯೇನಿಲ್ಲ. ದಾರಿಹೋಕರ ಹಕ್ಕಿನ ಕುರಿತು ಶುಕ್ರವಾರ ಪ್ರವಚನ ಕೇಳಿ ಬರುವ ವ್ಯಾಪಾರಿಯೇ ಶನಿವಾರ ತನ್ನ ಸರಕನ್ನು ಕಾಲುದಾರಿಗೆ ಚಾಚಿದರೆ ಆ ಪ್ರವಚನದಿಂದಾದ ಪ್ರಯೋಜನವೇನು? ಮಸೀದಿಯ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿದ ಬೈಕು ಅಂಧರೊಬ್ಬರ ದಾರಿಯನ್ನು ಮುಚ್ಚಿದೆಯೆಂದು ನಾವೆಂದಾದರೂ ಯೋಚಿಸಿದ್ದೇವೆಯೇ?

ಸುರಕ್ಷಿತ ಕಾಲುದಾರಿಯು ಸಂವಿಧಾನದ 21ನೇ ವಿಧಿ ನೀಡುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಮ್ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಈ ಹಕ್ಕನ್ನು ಕೇಳಿ ಪಡೆಯಬೇಕಾದವರು ನಾವು. ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ನೆರಳಿಗೆ ಮರ, ಕುಳಿತುಕೊಳ್ಳಲು ಬೆಂಚು, ಮಹಿಳೆಯರಿಗೆ ಶುಚಿಯಾದ ಶೌಚಾಲಯ, ಕುಡಿಯುವ ನೀರು ಕೇಳೋಣ. ಅದಕ್ಕಿಂತ ಮೊದಲು, ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ನಮ್ಮ ಸರಕನ್ನು ಎರಡು ಅಡಿ ಒಳಗೆ ಸರಿಸೋಣ.