ಬುಟ್ಟಿಯ ಮೇಲೆ ಬಿದ್ದ ಗೆರೆ

ಈ ಸಲ ಮುಖಪುಟದಲ್ಲಿ ಜೋಗ ಯಾಕಿಲ್ಲ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದಕ್ಕೊಂದು ಜಗಳವೇ ಆಗಿದೆ. ಸಾಗರದ ಕಲೆ, ಅಲ್ಲಿಯ ಹುಡುಗರ ವಿಡಿಯೊ, ಕಾಡು, ನೀರು ಎಂದು ಇಡೀ ಸಂಚಿಕೆ ಮಾಡಿ, ಮೇಲೆ ಒಂದು ಬಿದಿರು ಬುಟ್ಟಿಯ ಚಿತ್ರ ಹಾಕಿದರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಯಾರು ಕೈಗೆತ್ತಿಕೊಳ್ಳುತ್ತಾರೆ ಎಂದು ಪ್ರಸರಣ ನೋಡಿಕೊಳ್ಳುವವರು ಗೊಣಗಿದರು. ಅವರ ಮಾತು ಸುಳ್ಳೇನಲ್ಲ. ಆದರೂ ಬುಟ್ಟಿಯೇ ಗೆದ್ದಿತು.

ಸಂಚಿಕೆಗಾಗಿ ಸಾಗರ ಸೀಮೆಯ ಹೊಸಬರಿಂದ ವಿಡಿಯೊಗಳನ್ನು ಕೇಳಿದ್ದೆವು. ಬಂದವುಗಳಲ್ಲಿ ಹೆಚ್ಚಿನವು ಆಕಾಶದಿಂದಲೇ ಇಳಿದವು. ಮಂಜು ಸರಿಯುತ್ತದೆ, ಜೋಗ ಜಲಪಾತದ ರಾಜಾ, ರಾಣಿ, ರೋರರ್, ರಾಕೆಟ್ ಒಟ್ಟಿಗೆ ಕಾಣುತ್ತವೆ, ಹಿಂದೆ ಕೊಳಲು. ಐದನೆಯದನ್ನು ನೋಡುವ ಹೊತ್ತಿಗೆ ಕೊಳಲು ಎಲ್ಲಿ ಶುರುವಾಗುತ್ತದೆಂದು ನನಗೇ ಗೊತ್ತಾಗಿಬಿಟ್ಟಿತ್ತು. 830 ಅಡಿಯಿಂದ ಬೀಳುವ ನೀರನ್ನು ಕೆಟ್ಟದಾಗಿ ತೋರಿಸುವುದು ಕಷ್ಟ. ತೊಂದರೆ ಇರುವುದೇ ಅಲ್ಲಿ. ಯಾರು ತೆಗೆದರೂ ಚೆನ್ನಾಗಿಯೇ ಬರುತ್ತದೆ, ತೆಗೆದವರು ಯಾರೆಂಬುದು ಮಾತ್ರ ಕಾಣುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗ ತುಂಬಿ ಬೀಳುವುದು ಮಳೆಯ ಮರ್ಜಿಯಷ್ಟೇ ಅಲ್ಲ, ಗೇಟಿನ ಮರ್ಜಿಯೂ ಹೌದು. ಯಾವ ಡ್ರೋನೂ ಆ ಗೇಟಿನ ಕಡೆ ತಿರುಗಿ ನೋಡಿರಲಿಲ್ಲ.

ಇವುಗಳ ನಡುವೆ ನಾಲ್ಕು ನಿಮಿಷದ ಒಂದು ವಿಡಿಯೊ ಇತ್ತು. ಸಂಗೀತವಿಲ್ಲ, ಶೀರ್ಷಿಕೆಯೂ ಇಲ್ಲ. ಮೊಬೈಲನ್ನು ಅಕ್ಕಿ ಅಳೆಯುವ ಸೇರಿಗೆ ಆನಿಸಿ ಇಟ್ಟಿದ್ದು ಮೂಲೆಯಲ್ಲಿ ಕಾಣುತ್ತದೆ. ದೀವರ ಸಮುದಾಯದವರ ಮನೆಯ ಜಗಲಿ. ಭತ್ತದ ಗದ್ದೆಗೆ ಎಡೆ ಇಡುವ ಭೂಮಿ ಹುಣ್ಣಿಮೆಗೆ ಇನ್ನೆರಡು ದಿನ ಇದೆ. ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿ ಒಬ್ಬ ಅಜ್ಜಿಯ ತೊಡೆಯ ಮೇಲಿದೆ. ಪಕ್ಕದ ಗೆರಟೆಯಲ್ಲಿ ಅರೆದ ಅಕ್ಕಿಯ ಬಿಳಿ. ಕೈಯಲ್ಲಿ ಪುಂಡಿ ನಾರಿನ ಕುಂಚ. ನಾರನ್ನು ಅದ್ದುತ್ತಾಳೆ, ಗೆರಟೆಯ ಅಂಚಿಗೆ ಒಮ್ಮೆ ಒರೆಸುತ್ತಾಳೆ, ಉಸಿರು ಹಿಡಿದು ಮೇಲಿನಿಂದ ಕೆಳಕ್ಕೆ ಎಳೆಯುತ್ತಾಳೆ. ಬಿದಿರಿನ ಹೆಣಿಗೆ ಉಬ್ಬಿದಲ್ಲಿ ಗೆರೆ ಹತ್ತುತ್ತದೆ, ತಗ್ಗಿದಲ್ಲಿ ಇಳಿಯುತ್ತದೆ, ಎಲ್ಲಿಯೂ ಕಡಿಯುವುದಿಲ್ಲ. ಒಳಗಿನಿಂದ ಮಗು ಕರೆಯುತ್ತದೆ. ತಲೆಯೆತ್ತದೆ, "ತಡಿ, ಗೆರೆ ಮುಗೀಲಿ" ಅನ್ನುತ್ತಾಳೆ.

ಎಳೆದ ಗೆರೆ ಮೊದಲು ಸರಿಯಾಗಿ ಕಾಣುವುದೇ ಇಲ್ಲ. ಅಕ್ಕಿ ಹಿಟ್ಟು ಒದ್ದೆಯಿದ್ದಾಗ ಮಂಕಾಗಿರುತ್ತದೆ, ಆರಿದಂತೆ ಬೆಳ್ಳಗಾಗುತ್ತದೆ. ವಿಡಿಯೊ ತೆಗೆದವನು ಅಷ್ಟು ಹೊತ್ತು ಕಾದಿದ್ದಾನೆ. ಎರಡನೆಯ ಗೆರೆ ಎಳೆಯುವಾಗ ಮೊದಲನೆಯದು ಬಿಳುಪೇರುವುದು, ಮೂರನೆಯದಕ್ಕೆ ಕೈ ಹೋದಾಗ ಭತ್ತದ ಸಸಿಯ ಸಾಲೊಂದು ತಾನಾಗಿ ಎದ್ದು ನಿಲ್ಲುವುದು. ಕತ್ತರಿ ಹಾಕಿದ್ದರೆ ಇದು ಸಿಗುತ್ತಿರಲಿಲ್ಲ.

ಕಾಯುವ ಈ ಬುದ್ಧಿ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ಹೆಗ್ಗೋಡು ನೆನಪಾಯಿತು. ಸಾಗರದಿಂದ ಅಲ್ಲಿಗೆ ಏನು ಮಹಾ ದೂರ! ಅಲ್ಲಿ 1949ರಲ್ಲಿ ಶುರುವಾದ ನೀನಾಸಂ ಎಂದರೆ ನಾವು ನಾಟಕವನ್ನಷ್ಟೇ ನೆನೆಯುತ್ತೇವೆ. 1980ರ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ಸುತ್ತುವ ತಿರುಗಾಟ. ಅದಕ್ಕೂ ಮೊದಲು, ಎಪ್ಪತ್ತರ ದಶಕದಲ್ಲಿಯೇ ಅಲ್ಲಿ ಸಿನಿಮಾ ನೋಡುವುದನ್ನು ಕಲಿಸುವ ಕೆಲಸ ಆರಂಭವಾಗಿತ್ತು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಪುಣೆಯಲ್ಲಿ ಸಿನಿಮಾ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅಂಥವರನ್ನು ಕರೆಸಿ, ಅಡಿಕೆ ತೋಟದ ಜನರ ಮುಂದೆ ರಾಯ್, ಕುರೊಸಾವಾ, ಡಿ ಸಿಕಾ ಚಿತ್ರಗಳನ್ನು ಇಟ್ಟರು. ಸಿನಿಮಾ ತೆಗೆಯುವ ಕ್ಯಾಮೆರಾ ಆಗ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ, ನೋಡುವ ಕಣ್ಣು ಮಾತ್ರ ಸಿದ್ಧವಾಯಿತು. ಈಗ ಪ್ರತಿ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಬುಟ್ಟಿಯ ವಿಡಿಯೊ ಮಾಡಿದ ಹುಡುಗ ಅಲ್ಲಿಯ ಯಾವ ಶಿಬಿರಕ್ಕೂ ಹೋದವನಲ್ಲ, ನಿಜ. ಊರಿನ ಗಾಳಿಯಲ್ಲಿ ಏನೋ ಉಳಿದಿರುತ್ತದೆ ಎಂದು ನಂಬಲು ನನಗೆ ಇಷ್ಟ.

ಮರ ಕೆತ್ತುವ ಗುಡಿಗಾರರ ಮನೆಯಿಂದ ಬಂದ ವಿಡಿಯೊ ಕಣ್ಣಿಗಿಂತ ಕಿವಿಗೆ ಹೆಚ್ಚು ಸಿಗುತ್ತದೆ. ಸಣ್ಣ ಉಳಿಯ ಸದ್ದೇ ಬೇರೆ, ದೊಡ್ಡದರದೇ ಬೇರೆ. ಕುಸುರಿ ನುಣುಪಾದಂತೆ ಸದ್ದು ಕಡಿಮೆಯಾಗಿ, ಕೊನೆಗೆ ಉಜ್ಜುವ ಸರಸರ ಒಂದೇ ಉಳಿಯುತ್ತದೆ. ಅವರು ಕೆತ್ತುತ್ತಿದ್ದುದು ಗಂಧದ ಮರವಲ್ಲ, ಶಿವನೆ. ಸ್ವಂತ ಜಮೀನಿನ ಶ್ರೀಗಂಧ ಮಾಲೀಕನಿಗೇ ಸೇರಿದ್ದು ಎಂದು 2001ರಲ್ಲಿ ಕಾನೂನು ಬದಲಾಯಿತು. ಗುಡಿಗಾರನ ಕೈಗೆ ಒಳ್ಳೆಯ ಕೊರಡು ಬರುವುದು ಅದರಿಂದೇನೂ ಸಲೀಸಾಗಲಿಲ್ಲ. ಈ ಕುರಿತ ಲೇಖನ ಒಳಗಿದೆ, ನಾನು ಇಲ್ಲಿ ಬೆಳೆಸುವುದಿಲ್ಲ.

ಶರಾವತಿ ಹಿನ್ನೀರಿನ ವಿಡಿಯೊಗಳ ಬಗ್ಗೆ ಮಾತ್ರ ಎರಡು ಮಾತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ದಶಕಗಳ ಕಾಲ ಹಿನ್ನೀರಿನಾಚೆಯ ಸಿಗಂದೂರಿಗೂ ತುಮರಿಗೂ ಜನರನ್ನು, ಬಸ್ಸನ್ನು, ಜೀಪನ್ನು ದಾಟಿಸುತ್ತಿದ್ದ ಲಾಂಚಿಗೆ ವಿದಾಯ ಹೇಳುವ ವಿಡಿಯೊಗಳು ಸಾಲುಸಾಲಾಗಿ ಬಂದವು. ಪ್ರವಾಸಕ್ಕೆ ಬಂದವರು ತೆಗೆದವುಗಳಲ್ಲಿ ಲಾಂಚ್ ಬಲು ಚಂದ: ಸಂಜೆ ಬಿಸಿಲು, ನೀರಿನ ತಳುಕು, ಕಣ್ಣಲ್ಲಿ ನೀರು. ಆಚೆ ದಡದ ಹುಡುಗಿಯೊಬ್ಬಳು ತೆಗೆದದ್ದರಲ್ಲಿ ಕೊನೆಯ ಲಾಂಚ್ ತಪ್ಪಿಸಿಕೊಂಡವರು ದಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅವಳಿಗೆ ಸೇತುವೆ ಬೇಕಿತ್ತು. ಅಣೆಕಟ್ಟಿನ ನೀರು ಏರಿ ಸುತ್ತಿಕೊಂಡ ಮೇಲೆ ಅಲ್ಲೇ ಉಳಿದವರ ಮೊಮ್ಮಗಳು ಅವಳು. ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತುವ ಕರೀ ಬೊಡ್ಡೆಗಳನ್ನು ನಾವು "ಫೋಟೊಗೆ ಚಂದ" ಅನ್ನುತ್ತೇವೆ. ಅವಳ ಅಜ್ಜನಿಗೆ ಅವು ಗುರುತಿನ ಮರಗಳು. ಎರಡು ಬಗೆಯ ವಿಡಿಯೊಗಳನ್ನೂ ಪರಿಚಯಿಸಿದ್ದೇವೆ. ನನ್ನ ಒಲವು ಯಾವ ಕಡೆ ಎಂಬುದನ್ನು ಮುಚ್ಚಿಡಲಾರೆ.

ಒಂದು ತಪ್ಪೊಪ್ಪಿಗೆಯೂ ಬಾಕಿ ಇದೆ. ಕೆಲವು ವರ್ಷಗಳ ಹಿಂದೆ ವಿಶೇಷಾಂಕದ ಪುಟಗಳ ಅಂಚಿಗೆ ಹಸೆ ಚಿತ್ತಾರ ಬಳಸಿದ್ದೆವು. ಮದುವೆ ಮನೆಯ ಗೋಡೆಯ ಮೇಲೆ ಕೆಮ್ಮಣ್ಣು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಲ್ಲಿ ಬರೆದದ್ದನ್ನು ಫೋಟೊ ಹೊಡೆದು, ಕತ್ತರಿಸಿ, ಅಂಚು ಮಾಡಿಕೊಂಡೆವು. ಬರೆದವರು ಯಾರೆಂದು ಕೇಳಲೂ ಇಲ್ಲ, ಹಾಕಲೂ ಇಲ್ಲ. "ಜಾನಪದ" ಎಂದು ಒಂದು ಪದ ಇಟ್ಟು ಕೈತೊಳೆದುಕೊಂಡೆವು. ಈಗ ಸಾಗರಕ್ಕೆ ಹೋದರೆ ಹೋಟೆಲಿನ ಗೋಡೆಯಲ್ಲಿ, ಲಗ್ನಪತ್ರಿಕೆಯಲ್ಲಿ ಅದೇ ಚಿತ್ತಾರ ಸ್ಟಿಕ್ಕರಾಗಿ ಕಾಣುತ್ತದೆ, ಹೆಸರಿಲ್ಲದೆ. ದಾರಿ ತೋರಿಸಿದವರಲ್ಲಿ ನಾವೂ ಇದ್ದೆವು. ಈ ಸಂಚಿಕೆಯಿಂದ, ಒಪ್ಪಿದವರ ಹೆಸರನ್ನು ಊರಿನ ಜತೆಗೆ ಚಿತ್ರದ ಕೆಳಗೇ ಹಾಕುತ್ತೇವೆ, ಸಂಭಾವನೆಯನ್ನೂ ಕಳಿಸುತ್ತೇವೆ. ಬುಟ್ಟಿಯ ಅಜ್ಜಿ ಹೆಸರು ಬೇಡ ಅಂದರು. "ನಂದೇನದು, ಅಮ್ಮ ಬರೀತಿದ್ಲು, ನಾನೂ ಬರ್ದೆ" ಎಂದರಂತೆ. ಸಂಭಾವನೆ ಮಾತ್ರ ಬೇಡ ಅನ್ನಲಿಲ್ಲ, ಸಂತೋಷ.

ಆ ವಿಡಿಯೊ ಅರ್ಧಕ್ಕೇ ನಿಂತಂತಿದೆ ಎಂದು ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಅನ್ನಿಸಿತು. ಬುಟ್ಟಿಯಲ್ಲಿ ಅಡುಗೆ ತುಂಬಿ, ಬೆಳಗಿನ ಜಾವ ಗದ್ದೆಗೆ ಹೊತ್ತೊಯ್ದು, ಹೊಡೆ ತುಂಬಿದ ಭತ್ತಕ್ಕೆ ಎಡೆ ಇಡುವುದಿದೆಯಲ್ಲ, ಅದೇ ಇಲ್ಲವಲ್ಲ ಎಂದು. ಹುಡುಗನಿಗೆ ಫೋನ್ ಮಾಡಿ ಕೇಳಿದೆ.

"ಹೋಗಿದ್ದೆ ಸಾರ್," ಅಂದ. "ಅಜ್ಜಿ ದೊಂದಿ ನನ್ ಕೈಗೇ ಕೊಟ್ಬಿಟ್ರು. ಇನ್ನೊಂದ್ ಕೈಲಿ ಚಿಕ್ಕ ಬುಟ್ಟಿ. ಮೊಬೈಲ್ ಹಿಡಿಯೋಕೆ ಕೈ ಎಲ್ಲಿತ್ತು?"

— ಸಂ.