ಆಟದ ಬಲ್ಮೆ, ಬಾಳಿನ ನಡೆ

ಆಟದಲ್ಲಿ ಜಾಣನಾದವನ ನಡತೆ ಕೆಟ್ಟಿದ್ದರೆ ಅವನನ್ನು ತಂಡಕ್ಕೆ ಸೇರಿಸಿಕೊಳ್ಳಬಹುದೇ? ಅಮೆರಿಕದ ಫುಟ್ಬಾಲ್ ಆಟಗಾರ ಟೈರೀಕ್ ಹಿಲ್, ಗರ್ಭಿಣಿಯಾಗಿದ್ದ ಗೆಳತಿಯ ಮೇಲೆ ಕೈಮಾಡಿದುದನ್ನು 2015ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಮರುವರ್ಷವೇ ಕಾನ್ಸಾಸ್ ಸಿಟಿ ತಂಡವು ಅವನನ್ನು ಆರಿಸಿಕೊಂಡಿತು. ಅನೇಕರು ಪ್ರತಿಭಟಿಸಿದರು, ಗೆದ್ದದ್ದು ಮಾತ್ರ ಅವನ ಓಟದ ವೇಗ.

ನಮ್ಮ ನಾಡಿನ ಕೆ.ಎಲ್. ರಾಹುಲ್ ಅವರ ಪ್ರಸಂಗ ಅಷ್ಟು ಘೋರವಲ್ಲ. ಅಲ್ಲಿದ್ದದ್ದು ಪೆಟ್ಟಲ್ಲ, ಮಾತು. ದೂರದರ್ಶನದ ಸಂದರ್ಶನವೊಂದರಲ್ಲಿ ಹೆಣ್ಣುಮಕ್ಕಳ ಕುರಿತು ಬಂದ ಹಗುರ ಮಾತುಗಳಿಗಾಗಿ 2019ರ ಜನವರಿಯಲ್ಲಿ ಹಾರ್ದಿಕ್ ಪಾಂಡ್ಯ ಅವರೊಡನೆ ಅವರೂ ಅಮಾನತುಗೊಂಡರು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ರೂಪಾಯಿ ದಂಡವಾಯಿತು. ಅದರಲ್ಲಿ ಅರ್ಧ, ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ 10 ಪೇದೆಗಳ ಪತ್ನಿಯರಿಗೆ. ಉಳಿದರ್ಧ ಅಂಧರ ಕ್ರಿಕೆಟ್ಟಿಗೆ. ನಡುವೆ ರಾಹುಲ್ ಅವರು ದ್ರಾವಿಡ್ ಅವರ ತರಬೇತಿಯಲ್ಲಿ ಭಾರತ 'ಎ' ತಂಡಕ್ಕೆ ಆಡಿದರು. 2022ರಲ್ಲಿ ಲಖನೌ ತಂಡ 17 ಕೋಟಿ ಕೊಟ್ಟು ಅವರನ್ನು ನಾಯಕನನ್ನಾಗಿಸಿತು.

ರಾಮನಗರ, ಕನಕಪುರ, ಮಾಗಡಿ ಸೀಮೆಯ ಊರ ತಂಡಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಚನ್ನಪಟ್ಟಣದ ಗೊಂಬೆಗಾರನು ಹಸಿಯೆಂದು ಮರವನ್ನು ಎಸೆಯುವುದಿಲ್ಲ. ಒಣಗಿಸದೆ ಕಡೆಯುವುದೂ ಇಲ್ಲ. ನಾವು ಹೇಳುವುದಿಷ್ಟೆ: ತಪ್ಪಿದ ಹುಡುಗನಿಗೆ ಬಾಗಿಲು ಮುಚ್ಚುವುದು ಬೇಡ. ಆದರೆ ಮೊದಲು ನೊಂದವರಿಗೆ ನ್ಯಾಯ ಸಲ್ಲಲಿ, ಶಿಕ್ಷೆ ಮುಗಿಯಲಿ, ನಡೆ ತಿದ್ದಿರುವುದು ಕಾಣಲಿ. ಆ ಬಳಿಕ ಅಂಗಳ. ಗೆಲುವಿನ ಆಸೆಗೆ ಮನೆಯ ಹಿರಿಯರೇ ಕಣ್ಣು ಮುಚ್ಚಿದರೆ, ನಾಳೆ ನೋಯುವವಳು ನಮ್ಮ ಮಗಳೇ ಆಗಬಹುದು.