ಹವಳವಿಲ್ಲದ ಹವಳದ ಟ್ಯಾಂಕು

ಅಂತೂ ಇಂತೂ ಮತ್ತೆ ಕುಟ್ಟಲು ಕೂತೆ. ಮೂರು ತಿಂಗಳಿಂದ ಇಲ್ಲಿ ಧೂಳು ಹಿಡಿದಿತ್ತು. ಆಫೀಸಿನ ರಿಲೀಸ್ ಅಂತ ನೆಪ ಹೇಳಬಹುದಿತ್ತು. ನಿಜವಾದ ಕಾರಣ ಮಾತ್ರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿರುವ ನಾಲ್ಕು ಅಡಿಯ ಗಾಜಿನ ಪೆಟ್ಟಿಗೆ. ಅದರ ಸಹವಾಸ ಬಿಟ್ಟು ಕೀಬೋರ್ಡಿನ ಹತ್ತಿರ ಬರುವುದಕ್ಕೇ ಆಗುತ್ತಿರಲಿಲ್ಲ.

ಮೊನ್ನೆ ಆಫೀಸಿನ ಗೆಳೆಯನೊಬ್ಬ ಮನೆಗೆ ಬಂದವನು ಅರ್ಧ ಗಂಟೆ ಅದರ ಮುಂದೆಯೇ ಕೂತಿದ್ದ. ಮರುದಿನ ಬೆಳಿಗ್ಗೆ ಮೆಸೇಜು. "ಮಗಾ, ನಾನೂ ರೀಫ್ ಟ್ಯಾಂಕ್ ಮಾಡ್ತೀನಿ. ಏನೇನು ತಗೋಬೇಕು ಲಿಸ್ಟ್ ಕಳಿಸು. ಹವಳ ಎಲ್ಲಿ ಸಿಗುತ್ತೆ ಅಂತ ಮೊದಲು ಹೇಳು." ಲಿಸ್ಟ್ ಕಳಿಸುವುದೇನು ಮಹಾ, ಐದು ನಿಮಿಷದ ಕೆಲಸ. ಆದರೂ ಕಳಿಸಲಿಲ್ಲ. ಅವನು ಮೊದಲು ಕೇಳಿದ್ದು ಏನಿದೆಯೋ ಅದು ನನ್ನ ಲಿಸ್ಟಿನಲ್ಲಿ ಇಲ್ಲವೇ ಇಲ್ಲ. ಯಾಕಿಲ್ಲ ಅಂತ ಹೇಳಲು ಮೆಸೇಜು ಸಾಲದು. ಅದಕ್ಕೇ ಈ ಕೊರೆತ, ಸಹಿಸಿಕೊಳ್ಳಿ :-)

ಮೊದಲು ನನ್ನ ಪಾಪ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಎರಡು ಅಡಿಯ ಟ್ಯಾಂಕೊಂದನ್ನು ತಂದು, ಉಪ್ಪು ಕಲಸಿ, ಎಂಟನೇ ದಿನಕ್ಕೆ ಒಂದು ಜೋಡಿ ಕ್ಲೌನ್ ಫಿಶ್ ಬಿಟ್ಟಿದ್ದೆ. ಅದೇ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು, 2003ರ 'ಫೈಂಡಿಂಗ್ ನೀಮೋ' ಸಿನಿಮಾದಿಂದ ಮಕ್ಕಳಿಗೆಲ್ಲ ಪರಿಚಯವಾದದ್ದು. ಹನ್ನೊಂದನೇ ದಿನ ಒಂದು, ಹನ್ನೆರಡನೇ ದಿನ ಇನ್ನೊಂದು ಸತ್ತವು. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ನಮ್ಮ ಊರು ಮುರುಡೇಶ್ವರದ ಹತ್ತಿರ. ಮನೆ ಹಿತ್ತಲಿನಿಂದ ಹತ್ತು ನಿಮಿಷ ನಡೆದರೆ ಸಮುದ್ರ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂತ ಮಾರಾಯ, ಇಲ್ಲಿದ್ದಾಗ ಒಂದು ದಿನ ಸಮುದ್ರ ನೋಡ್ಲಿಲ್ಲ ನೀನು. ಈಗ ದುಡ್ಡು ಕೊಟ್ಟು ತಂದು ಕೊಲ್ತಾ ಇದ್ದೀಯ" ಅಂದರು. ಉತ್ತರ ಹೊಳೆಯಲಿಲ್ಲ.

ಅವು ಸತ್ತದ್ದು ಅಮೋನಿಯಾದಿಂದ. ಮೀನಿನ ಕಿವಿರಿನಿಂದ, ಉಳಿದ ಆಹಾರ ಕೊಳೆಯುವುದರಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಒಂದು ಮೀನೂ ಬಿಡಬಾರದು. ನಾನು ಟೆಸ್ಟಿಂಗ್ ಮಾಡದೆ ಸೀದಾ ಪ್ರೊಡಕ್ಷನ್‌ಗೆ ಹಾಕಿದ್ದೆ. ಆಫೀಸಿನಲ್ಲಾದರೆ ಬೈಸಿಕೊಂಡು ರೋಲ್‌ಬ್ಯಾಕ್ ಮಾಡಬಹುದು. ಇಲ್ಲಿ ಅದು ಸಾಧ್ಯವೇ?

ಆಮೇಲೆ ಒಂದು ವರ್ಷ ಏನೂ ಕೊಳ್ಳಲಿಲ್ಲ, ಬರೀ ಓದಿದೆ. ನನಗೆ ಅರ್ಥವಾದದ್ದಿಷ್ಟು: ಎಲ್ಲರೂ ಲಿಸ್ಟನ್ನು ಮೇಲಿನಿಂದ ಕೆಳಕ್ಕೆ ಮಾಡುತ್ತಾರೆ. ಹವಳ, ಮೀನು, ಲೈಟು, ಟ್ಯಾಂಕು, ಕೊನೆಗೆ ನೀರು. ಮಾಡಬೇಕಾದ್ದು ಕೆಳಗಿನಿಂದ ಮೇಲಕ್ಕೆ.

ನೀರಿನಿಂದಲೇ ಶುರು ಮಾಡೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಡುಗೆ ಉಪ್ಪು ಕಲಸಿದರೆ ಸಮುದ್ರ ಆಗುವುದಿಲ್ಲ. ಲೀಟರಿಗೆ 1280 ಮಿಲಿಗ್ರಾಂ ಆಸುಪಾಸು ಮೆಗ್ನೀಷಿಯಂ, 410 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಎಲ್ಲ ಇರಬೇಕು. ಅದಕ್ಕೆ ತಯಾರಾದ ಸಾಲ್ಟ್ ಮಿಕ್ಸ್ ಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಅಂದರೆ ಸುಮಾರು 250 ಲೀಟರ್, ಒಮ್ಮೆ ತುಂಬಿಸಲು ಹತ್ತಿರ ಹತ್ತಿರ 9 ಕೆಜಿ ಉಪ್ಪು. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ತಿಂಗಳಿಗೆ ಮೂರೂವರೆ ಕೆಜಿ. ಟ್ಯಾಂಕಿನ ಬೆಲೆ ಕೇಳುವವರು ಈ ತಿಂಗಳ ಲೆಕ್ಕ ಕೇಳುವುದೇ ಇಲ್ಲ.

ಉಪ್ಪು ಕಲಸುವ ನೀರೂ ಶುದ್ಧವಾಗಿರಬೇಕು. ಬೋರ್‌ವೆಲ್ ನೀರು ಆಗದು, ಅಡುಗೆಮನೆಯ ಫಿಲ್ಟರಿನ ನೀರೂ ಸಾಲದು. ಆರ್‌ಓ ಆದ ಮೇಲೆ ಡಿಐ ರೆಸಿನ್ ಮೂಲಕ ಹಾದು ಟಿಡಿಎಸ್ ಸೊನ್ನೆಗೆ ಬರಬೇಕು. ಇಲ್ಲದಿದ್ದರೆ ಅದರಲ್ಲಿರುವ ಫಾಸ್ಫೇಟ್, ಸಿಲಿಕೇಟ್ ತಿಂದು ಪಾಚಿ ಬೆಳೆಯುತ್ತದೆ. ತಾಮ್ರದ ಅಂಶವೇನಾದರೂ ಇದ್ದರೆ ಸೀಗಡಿಗಳ ಕಥೆ ಮುಗಿಯಿತು. ಒಂದು ವಿಷಯ ಮರೆಯಬೇಡಿ, ಆರ್‌ಓ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದು ನಿಂತವರಿಗೆ ಇದು ಎಷ್ಟು ಚುಚ್ಚುತ್ತದೆ ಅಂತ ಬೇರೆ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಆ ನೀರು ಡ್ರಮ್ಮಿಗೆ ಹೋಗಿ ನೆಲ ಒರೆಸಲು, ಬಾತ್‌ರೂಮಿಗೆ ಬಳಕೆಯಾಗುತ್ತದೆ. ಇದಕ್ಕೆ ಜಾಗವಿಲ್ಲ ಎನ್ನುವವರು ಟ್ಯಾಂಕಿನ ಆಸೆಯನ್ನೇ ಮುಂದೂಡುವುದು ಒಳ್ಳೆಯದು.

ಆವಿಯಾಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ನನ್ನ ಟ್ಯಾಂಕಿನಲ್ಲಿ ದಿನಕ್ಕೆ ಮೂರು ಲೀಟರ್ ಹೀಗೆ ಹೋಗುತ್ತದೆ. ಅದನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಾ ಹೋಗುತ್ತದೆ. ಅಳೆಯಲು ರಿಫ್ರ್ಯಾಕ್ಟೋಮೀಟರ್ ಇರಲಿ, ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ನಿಂತಿರಬೇಕು.

ಎರಡನೆಯದು ಕರೆಂಟು. ಪಂಪ್ ನಿಂತರೆ ನೀರಿನ ಮೇಲ್ಮೈ ಅಲುಗುವುದು ನಿಲ್ಲುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ನಮ್ಮ ಏರಿಯಾದ ಕರೆಂಟಿನ ಗುಣ ನಿಮಗೇನು ಹೊಸದೇ? ಲೈಟಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಅಲೆ ಎಬ್ಬಿಸುವ ಪಂಪನ್ನು ಯುಪಿಎಸ್‌ಗೆ ಸೇರಿಸಿ. ಆಗದಿದ್ದರೆ ಬ್ಯಾಟರಿಯ ಪುಟ್ಟ ಏರ್ ಪಂಪಾದರೂ ಮನೆಯಲ್ಲಿರಲಿ. ಬಿಸಿಲಿನದೂ ಇದೇ ಕಥೆ. ನೀರು 25-26 ಡಿಗ್ರಿಯಲ್ಲಿರಬೇಕು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದಾಗ ನಾನು ನೀರಿನ ಮೇಲೆ ಫ್ಯಾನ್ ಬೀಸಿ ಎರಡು ಡಿಗ್ರಿ ಇಳಿಸಿದೆ. ಮಂಗಳೂರಿನ ಸೆಕೆಗಾದರೆ ಚಿಲ್ಲರ್ ಇಲ್ಲದೆ ನಡೆಯದು.

ಮೂರನೆಯದು ಭಾರ. 250 ಲೀಟರ್ ಸಮುದ್ರದ ನೀರೇ 250 ಕೆಜಿಗಿಂತ ಹೆಚ್ಚು. ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ 350 ದಾಟುತ್ತದೆ. ಬಾಡಿಗೆ ಮನೆಯಾದರೆ ಓನರಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ. ಟ್ಯಾಂಕಿನ ಕೆಳಗೆ ಸಂಪ್ ಅಂತ ಇನ್ನೊಂದು ಚಿಕ್ಕ ತೊಟ್ಟಿ ಇರುತ್ತದೆ, ಅಲ್ಲಿಂದ ಪಂಪ್ ನೀರನ್ನು ಮೇಲಕ್ಕೆ ಕಳಿಸುತ್ತದೆ. ಕರೆಂಟ್ ಹೋದರೆ ಮೇಲಿನ ಒಂದಿಷ್ಟು ನೀರು ಕೆಳಗಿಳಿಯುತ್ತದೆ, ಅದಕ್ಕೆ ಸಂಪಿನಲ್ಲಿ ಜಾಗ ಬಿಟ್ಟಿರಬೇಕು. ಪೈಪಿನಲ್ಲಿ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಸಣ್ಣ ತೂತು ಕೊರೆದಿದ್ದರೆ ಗಾಳಿ ಒಳಹೊಕ್ಕು ಹಿಮ್ಮುಖ ಹರಿವು ನಿಲ್ಲುತ್ತದೆ. ನಾನು ತೂತು ಕೊರೆಯದೆ ಮಲಗಿದ ರಾತ್ರಿಯೇ ಕರೆಂಟ್ ಹೋಯಿತು. ಬೆಳಿಗ್ಗೆ ಕೆಳಗಿನ ಮನೆಯ ಓನರ್ ಆಂಟಿ ಬಾಗಿಲು ಬಡಿದು, "ಏನಪ್ಪಾ, ನಮ್ಮ ಸೀಲಿಂಗಿಂದ ಉಪ್ಪುನೀರು ತೊಟ್ಟಿಕ್ತಿದೆ" ಅಂದರು. ರುಚಿ ನೋಡಿಯೇ ಹೇಳಿದ್ದಿರಬೇಕು, ನಾನು ಕೇಳುವ ಧೈರ್ಯ ಮಾಡಲಿಲ್ಲ :-)

ಇಷ್ಟಾದ ಮೇಲೆ ಪ್ರೋಟೀನ್ ಸ್ಕಿಮ್ಮರ್. ಬೇಳೆ ಕುದಿಯುವಾಗ ನೊರೆ ಮೇಲೆ ಬರುತ್ತದಲ್ಲ, ಹಾಗೆಯೇ ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿ ಮೇಲೇರಿ ಕಪ್ಪಿನಲ್ಲಿ ಸೇರುತ್ತದೆ. ಆ ಕಪ್ ತೊಳೆಯುವಾಗ ಬರುವ ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಲೈಟು ಎಲ್ಲಕ್ಕಿಂತ ಕೊನೆಗೆ.

ಈಗ ಹವಳದ ವಿಷಯ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ, ಅಂದರೆ ಹುಲಿ ಇರುವ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆ, ಸಮುದ್ರಕುದುರೆ ಎಲ್ಲ ಅದೇ ಸಾಲಿನಲ್ಲಿವೆ. ಹೀಗಿರುವಾಗ ಅಂಗಡಿಯೊಂದರಲ್ಲಿ ನನಗೆ, "ಲೈವ್ ರಾಕ್ ಇದೆ ಸಾರ್, ಹವಳ ಅಂಟಿಕೊಂಡೇ ಬಂದಿದೆ, ನಿಮಗಂತ ಕಡಿಮೆ ಹಾಕ್ತೀನಿ" ಅಂದರು. ಎಲ್ಲಿಂದ ಬಂತು ಅಂತ ಕೇಳಿದೆ. "ಸಮುದ್ರದಿಂದ." ಬಿಲ್ ಕೇಳಿದೆ. ಅಂಗಡಿಯವರಿಗೆ ಇನ್ನೊಬ್ಬ ಗಿರಾಕಿಯ ನೆನಪಾಯಿತು.

ನಿಜ ಹೇಳಬೇಕೆಂದರೆ ಕೈ ಜೇಬಿಗೆ ಹೋಗಿತ್ತು. ತಡೆದದ್ದು ಕಾಯ್ದೆಯ ಹೆದರಿಕೆಯೊಂದೇ ಅಲ್ಲ, ನೇತ್ರಾಣಿಯ ನೆನಪು. ಅಪ್ಪನ ಮಾತು ಚುಚ್ಚಿದ ಮೇಲೆ ಒಂದು ಡಿಸೆಂಬರಿನಲ್ಲಿ ಮುರುಡೇಶ್ವರದಿಂದ ದೋಣಿ ಹತ್ತಿ ಆ ದ್ವೀಪಕ್ಕೆ ಹೋಗಿ ಡೈವ್ ಮಾಡಿದ್ದೆ. ನಾನು ಹುಟ್ಟಿದ ಊರಿನ ಎದುರಿಗೇ ನೀರಿನಡಿ ಹವಳವಿದೆ, ಗಿಳಿಮೀನಿದೆ! ಇಪ್ಪತ್ತು ವರ್ಷ ದಡದಲ್ಲಿ ನಿಂತು ನಾನು ನೋಡಿದ್ದು ಬರೀ ಅಲೆ. ಅಲ್ಲಿಂದ ಯಾರೋ ಉಳಿ ಹಿಡಿದು ಕಿತ್ತ ತುಂಡು ನನ್ನ ಮುಂದಿನ ಕೋಣೆಗೆ ಬಂದರೆ ಹೇಗಿರುತ್ತದೆ ಅಂತ ಯೋಚಿಸಿದೆ, ಕೈ ಹೊರಗೆ ಬಂತು.

ಹೊರದೇಶಗಳಲ್ಲಿ ಹವಳದ ತುಂಡು ಕತ್ತರಿಸಿ ಫಾರಂಗಳಲ್ಲಿ ಬೆಳೆಸುತ್ತಾರಲ್ಲ, ಅದನ್ನು ತಂದರೆ ತಪ್ಪೇನು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗೆ ಬೆಳೆಸುವುದು ಒಳ್ಳೆಯ ಕೆಲಸವೇ. ಆದರೆ ಗಟ್ಟಿ ಹವಳಗಳೆಲ್ಲ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಗಡಿ ದಾಟಲು ಪರವಾನಗಿ ಪತ್ರ ಬೇಕೇ ಬೇಕು. ಆ ಪತ್ರ ತೋರಿಸದ ಅಂಗಡಿಯಲ್ಲಿರುವ ತುಂಡು ಇಂಡೋನೇಷ್ಯಾದ ಫಾರಂನಿಂದ ಬಂದದ್ದೋ ಮನ್ನಾರ್ ಕೊಲ್ಲಿಯಿಂದ ಕಿತ್ತದ್ದೋ ಅಂತ ನೋಡಿ ಹೇಳಲು ನನಗೆ ಬರುವುದಿಲ್ಲ, ನಿಮಗೆ ಬರುತ್ತದೆಯೇ? ಗೊತ್ತಾಗದಿದ್ದಾಗ ಬಿಡುವುದೇ ಸರಿ ಅನ್ನುವುದು ನನ್ನ ವಾದ.

ಹಾಗಾಗಿ ನನ್ನದು ಹವಳವಿಲ್ಲದ ಟ್ಯಾಂಕು. ಸಮುದ್ರದ ಕಲ್ಲಿನ ಬದಲು ಸೆರಾಮಿಕ್ ಕಲ್ಲು, ಬ್ಯಾಕ್ಟೀರಿಯಾಕ್ಕೆ ಅದರ ತೂತುಗಳೇ ಸಾಕು. ಮೀನಿನಲ್ಲೂ ಸಾಕಿ ಬೆಳೆಸಿದ್ದನ್ನೇ ಹುಡುಕಿ ತಂದೆ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಫಾರಂನವು, ಉಪ್ಪುನೀರಿನವು ಹೆಚ್ಚಿನವು ಸಮುದ್ರದಲ್ಲೇ ಹಿಡಿದವು. ಕ್ಲೌನ್ ಫಿಶ್ ಇದಕ್ಕೊಂದು ಒಳ್ಳೆಯ ಅಪವಾದ. ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಎಲ್ಲ ಕ್ಲೌನ್ ಮರಿಗಳೂ ಮೊದಲು ಗಂಡು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಮನೆಯಲ್ಲಿ ಯಾರ ಮಾತು ನಡೆಯಬೇಕು ಅನ್ನುವುದರಲ್ಲಿ ಅವುಗಳಿಗೆ ಗೊಂದಲವೇ ಇಲ್ಲ!

ಹವಳದ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಯೇ ಅದಕ್ಕೆ ಊಟ ಹಾಕುವುದು. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಪಾಚಿ ಹೊರಬಿದ್ದು ಹವಳ ಬಿಳುಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಸೆಕೆ ಹೆಚ್ಚಾದರೆ ನಾನು ನನ್ನ ಟ್ಯಾಂಕಿಗೆ ಫ್ಯಾನ್ ಹಾಕುತ್ತೇನೆ. ಲಕ್ಷದ್ವೀಪಕ್ಕೆ ಯಾರು ಹಾಕುತ್ತಾರೆ? ಅಲ್ಲಿ ಅಷ್ಟು ಕಷ್ಟದಲ್ಲಿ ಉಳಿದುಕೊಂಡದ್ದನ್ನು ನಮ್ಮ ಚಂದಕ್ಕೆ ಕೀಳುವುದು ಬೇಡ.

ಕಳೆದ ತಿಂಗಳು ಅಪ್ಪ ಬಂದಿದ್ದರು. ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತವರು ಕಾಫಿ ಆರುವವರೆಗೂ ಏಳಲಿಲ್ಲ. ಕೊನೆಗೆ, "ಎಷ್ಟು ದಿನ ಆಯ್ತು ಇವು ಬಂದು?" ಅಂತ ಕೇಳಿದರು. ಎರಡು ವರ್ಷ ಅಂದೆ. "ಹಾಂ" ಅಂದರು ಅಷ್ಟೇ. ನನಗೆ ಅಷ್ಟು ಸಾಕು.

ಗೆಳೆಯನಿಗೆ ಲಿಸ್ಟ್ ಈಗ ಕಳಿಸುತ್ತೇನೆ. ಮೊದಲನೇ ಸಾಲಿನಲ್ಲಿ ನೀರು, ಕೊನೆಯ ಸಾಲಿನಲ್ಲಿ ಮೀನು, ನಡುವೆ ಆರು ವಾರದ ಖಾಲಿ ಟ್ಯಾಂಕು. ಹವಳ ನೋಡಬೇಕೆನಿಸಿದರೆ ನೇತ್ರಾಣಿಗೆ ಬಸ್ಸಿನ ಟೈಮಿಂಗ್ ಕೂಡ ಬರೆದಿದ್ದೇನೆ. ನೀವೇನಂತೀರಿ?